ಲೇಕ್‌ಹರ್ಸ್ಟ್‌ನ ಬೆಂಕಿ, ಮನೆಯ ಫರ್ನೇಸ್ ಮತ್ತು ಒಂದು ಮೈನಸ್ ಚಿಹ್ನೆ

ಮಾನ್ಮತ್ ಜಂಕ್ಷನ್‌ನಿಂದ ಮತ್ತೆ ನಿಮ್ಮ ಜೊತೆ. ಹಿಂದುಗಡೆ ಸಣ್ಣಗೆ ಗುಂಯ್ ಅನ್ನೋ ಶಬ್ದ ಕೇಳಿಸ್ತಾ ಇದ್ರೆ ಕ್ಷಮಿಸಿ, ಅದು ಬೇಸ್‌ಮೆಂಟ್‌ನಲ್ಲಿರೋ ಫರ್ನೇಸ್. ಹೊರಗೆ ಹಿಮ ಬಿದ್ದಿದೆ, ಅದನ್ನು ಆರಿಸಿ ರೆಕಾರ್ಡ್ ಮಾಡೋ ಧೈರ್ಯ ನನಗಿಲ್ಲ. ಇವತ್ತಿನ ವಿಷಯಕ್ಕೂ ಆ ಶಬ್ದಕ್ಕೂ ಸಂಬಂಧ ಇದೆ, ಹಾಗಾಗಿ ಇರಲಿ ಬಿಡಿ.

ಕೇಳುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅವರು ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂನಲ್ಲಿ ಓದಿದವರು. ಮಗಳು ಇಲ್ಲಿ ಹೈಸ್ಕೂಲ್‌ನಲ್ಲಿ ಕೆಮಿಸ್ಟ್ರಿ ತಗೊಂಡಿದ್ದಾಳೆ. ಅವಳು ಕೇಳಿದ್ದಳಂತೆ: "ಅಪ್ಪ, ಏನಾದ್ರೂ ಉರಿದಾಗ ಶಾಖ ಹೊರಗೆ ಬರುತ್ತೆ. ನಮಗೆ ಸಿಗುತ್ತೆ. ಆದ್ರೆ ಪುಸ್ತಕದಲ್ಲಿ ಅದನ್ನ ಮೈನಸ್ ಅಂತ ಬರೀತಾರೆ. ಸಿಗೋದು ಹೇಗೆ ಮೈನಸ್ ಆಗುತ್ತೆ?" ಅಪ್ಪನಿಗೆ ಉತ್ತರ ಹೊಳೀಲಿಲ್ಲ. "ಸಮೀಕರಣ ಸರಿದೂಗಿಸೋದು ಕೂಡ ಮರೆತು ಹೋಗಿದೆ ಸ್ವಾಮಿ, ಮೊದಲಿಂದ ಹೇಳಿ" ಅಂತ ಬರೆದಿದ್ದಾರೆ. ಸರಿ, ಮೊದಲಿಂದಲೇ ಹೇಳೋಣ.

ರಸಾಯನಶಾಸ್ತ್ರದ ಪಾಠಕ್ಕೆ ನ್ಯೂಜೆರ್ಸಿಯಲ್ಲಿ ಒಂದು ಜಾಗ ಇದೆ. ನನ್ನ ಮನೆಯಿಂದ ಕಾರಲ್ಲಿ ಒಂದು ಗಂಟೆಯೊಳಗಿನ ದಾರಿ, ಆಗ್ನೇಯ ದಿಕ್ಕಿಗೆ, ಪೈನ್ ಮರಗಳ ಕಾಡು ಶುರುವಾಗೋ ಕಡೆ. ಊರಿನ ಹೆಸರು ಲೇಕ್‌ಹರ್ಸ್ಟ್. ಈಗ ಅದೊಂದು ದೊಡ್ಡ ಸೇನಾ ನೆಲೆಯ ಭಾಗ, ಸುಮ್ಮನೆ ಗಾಡಿ ತಿರುಗಿಸಿಕೊಂಡು ಒಳಗೆ ಹೋಗೋಕೆ ಆಗಲ್ಲ. 1937ರ ಮೇ 6ರ ಸಂಜೆ, ಏಳೂ ಕಾಲು ದಾಟಿ ಕೆಲವು ನಿಮಿಷ ಆಗಿತ್ತು. ಜರ್ಮನಿಯಿಂದ ಅಟ್ಲಾಂಟಿಕ್ ದಾಟಿ ಬಂದ ಹಿಂಡನ್‌ಬರ್ಗ್ ಅನ್ನೋ ವಾಯುನೌಕೆ ಅಲ್ಲಿ ಇಳಿಯೋಕೆ ಕಾಯ್ತಾ ಇತ್ತು. ಮಧ್ಯಾಹ್ನ ಗುಡುಗು ಮಳೆ ಇದ್ದಿದ್ದರಿಂದ ಇಳಿಯೋದು ತಡವಾಗಿತ್ತು. ಹಗ್ಗ ಕೆಳಗೆ ಬಿಟ್ಟಾಗಿತ್ತು, ನೆಲದ ಮೇಲಿನವರು ಹಿಡಿದುಕೊಳ್ತಾ ಇದ್ದರು. ಆಗ ಬಾಲದ ಹತ್ತಿರ ಬೆಂಕಿ ಕಾಣಿಸ್ತು. ಅರ್ಧ ನಿಮಿಷದ ಆಚೀಚೆ, ಅಷ್ಟೇ. 245 ಮೀಟರ್ ಉದ್ದದ ನೌಕೆ ನೆಲದ ಮೇಲೆ ಬರೀ ಲೋಹದ ಅಸ್ಥಿಪಂಜರವಾಗಿ ಬಿದ್ದಿತ್ತು. ಒಳಗಿದ್ದ 97 ಜನರಲ್ಲಿ 35 ಜನ ತೀರಿಕೊಂಡರು. ನೆಲದ ಮೇಲೆ ಕೆಲಸ ಮಾಡ್ತಿದ್ದ ಒಬ್ಬರೂ ಸತ್ತರು.

ಆ ನೌಕೆಯ ಹೊಟ್ಟೆಯಲ್ಲಿ ಚೀಲ ಚೀಲ ಹೈಡ್ರೋಜನ್ ತುಂಬಿದ್ದರು. ಎಲ್ಲಾ ಚೀಲ ಸೇರಿಸಿದ್ರೆ ಸುಮಾರು 2 ಲಕ್ಷ ಘನ ಮೀಟರ್. ಹೈಡ್ರೋಜನ್ ಗಾಳಿಗಿಂತ ತುಂಬಾ ಹಗುರ, ಹಾಗಾಗಿ ನೌಕೆ ತೇಲುತ್ತೆ. ಆದರೆ ಅದು ಉರಿಯುತ್ತೆ ಕೂಡ.

ಉರಿದು ಏನಾಗುತ್ತೆ? ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಉತ್ತರ ಹೆಸರಲ್ಲೇ ಇದೆ. ನಾವು ಅದನ್ನ ಜಲಜನಕ ಅಂತ ಕಲಿತ್ವಿ. ಜಲವನ್ನು ಹುಟ್ಟಿಸುವುದು. ಹೈಡ್ರೋಜನ್ ಅನ್ನೋ ಪದಕ್ಕೂ ಅದೇ ಅರ್ಥ. ಫ್ರಾನ್ಸಿನ ಲವಾಸಿಯೇ ಮತ್ತು ಅವನ ಜೊತೆಗಾರರು 1780ರ ದಶಕದಲ್ಲಿ ಕೊಟ್ಟ ಹೆಸರು. ಆ ಅನಿಲ ಉರಿದರೆ ನೀರು ಬರುತ್ತೆ ಅಂತ ಗೊತ್ತಾದ ಮೇಲೆ ಇಟ್ಟಿದ್ದು. ಅದೇ ಗುಂಪು ಆಕ್ಸಿಜನ್‌ಗೆ ಇಟ್ಟ ಹೆಸರಲ್ಲಿ ಮಾತ್ರ ಒಂದು ತಪ್ಪಿದೆ. ಎಲ್ಲಾ ಆಮ್ಲಗಳಲ್ಲೂ ಆಕ್ಸಿಜನ್ ಇದ್ದೇ ಇರುತ್ತೆ ಅಂತ ಲವಾಸಿಯೇ ನಂಬಿದ್ದ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದಿಲ್ಲ ಅಂತ ಆಮೇಲೆ ತಿಳೀತು. ಆದರೆ ಅಷ್ಟು ಹೊತ್ತಿಗೆ ಹೆಸರು ಗಟ್ಟಿಯಾಗಿತ್ತು, ನಾವು ಆ ತಪ್ಪನ್ನೂ ನಿಷ್ಠೆಯಿಂದ ಕನ್ನಡಕ್ಕೆ ತಂದು "ಆಮ್ಲಜನಕ" ಅಂದ್ವಿ!

ಹಾಗಾದ್ರೆ ಮಾತಲ್ಲಿ ಹೇಳೋದಾದ್ರೆ: ಜಲಜನಕ, ಆಮ್ಲಜನಕ ಸೇರಿ ನೀರು. ಈ ವಾಕ್ಯ ಸರಿಯೇ, ಆದರೆ ಎಷ್ಟಕ್ಕೆ ಎಷ್ಟು ಅಂತ ಹೇಳಲ್ಲ. ಸಮೀಕರಣ ಬೇಕಾಗೋದು ಅಲ್ಲಿ.

ಹೈಡ್ರೋಜನ್ ಪರಮಾಣುಗಳು ಒಂಟಿಯಾಗಿ ಓಡಾಡಲ್ಲ, ಜೋಡಿಯಾಗಿರ್ತವೆ. ಆಕ್ಸಿಜನ್‌ ಕೂಡ ಹಾಗೇ, ಜೋಡಿ. ನೀರಿನ ಅಣುವಿನಲ್ಲಿ ಎರಡು ಹೈಡ್ರೋಜನ್, ಒಂದು ಆಕ್ಸಿಜನ್. ನಾವೆಲ್ಲ ಬಾಯಿಪಾಠ ಮಾಡಿದ ಎಚ್ ಟೂ ಓ. ಈಗ ಒಂದು ಜೋಡಿ ಹೈಡ್ರೋಜನ್, ಒಂದು ಜೋಡಿ ಆಕ್ಸಿಜನ್ ತಗೊಂಡು ಒಂದು ನೀರು ಮಾಡಿ ನೋಡಿ. ಹೈಡ್ರೋಜನ್ ಲೆಕ್ಕ ಸರಿ ಹೋಯ್ತು. ಆಕ್ಸಿಜನ್ ಒಂದು ಉಳಿದುಬಿಡ್ತು. ಎಡಗಡೆ ಎರಡಿತ್ತು, ಬಲಗಡೆ ಒಂದೇ ಇದೆ. ಇನ್ನೊಂದು ಎಲ್ಲಿ ಹೋಯ್ತು? ಪರಮಾಣು ಆವಿಯಾಗಿ ಮಾಯ ಆಗಲ್ಲ. ರಾಸಾಯನಿಕ ಕ್ರಿಯೆಯಲ್ಲಿ ಪರಮಾಣು ಹುಟ್ಟೋದೂ ಇಲ್ಲ, ಸಾಯೋದೂ ಇಲ್ಲ. ಜೊತೆಗಾರರು ಬದಲಾಗ್ತಾರೆ, ಅಷ್ಟೇ.

ಇಲ್ಲಿ ಮಕ್ಕಳು ಮಾಡೋ ತಪ್ಪು ಒಂದೇ. ಬಲಗಡೆ ಆಕ್ಸಿಜನ್ ಕಡಿಮೆ ಇದೆ ಅಂತ ನೀರಿನ ಸೂತ್ರಕ್ಕೇ ಇನ್ನೊಂದು ಆಕ್ಸಿಜನ್ ಸೇರಿಸಿಬಿಡ್ತಾರೆ. ಎಚ್ ಟೂ ಓ ಟೂ. ಕಾಗದದ ಮೇಲೆ ಲೆಕ್ಕ ಕೂಡುತ್ತೆ. ಆದರೆ ಅದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್. ಇಲ್ಲಿ ಫಾರ್ಮಸಿಯಲ್ಲಿ ಕಂದು ಬಾಟಲಿಯಲ್ಲಿ ಸಿಗುತ್ತಲ್ಲ, ಗಾಯದ ಮೇಲೆ ಹಾಕಿದ್ರೆ ನೊರೆ ಬರೋದು, ಅದು. ಅಂಗಡಿಯವನು ಲೆಕ್ಕ ತಾಳೆ ಆಗಲಿಲ್ಲ ಅಂತ ಅಕ್ಕಿ ಅಂತ ಬರೆದ ಕಡೆ ಅವಲಕ್ಕಿ ಅಂತ ತಿದ್ದಿದ ಹಾಗೆ. ಸಾಮಾನು ಬದಲಾಯಿಸೋ ಹಾಗಿಲ್ಲ. ಎಷ್ಟು ಸೇರು ಅನ್ನೋದನ್ನ ಮಾತ್ರ ಬದಲಾಯಿಸಬಹುದು.

ಸರಿ, ನೀರನ್ನ ಎರಡು ಮಾಡೋಣ. ಈಗ ಬಲಗಡೆ ಆಕ್ಸಿಜನ್ ಎರಡು, ಸರಿಯಾಯ್ತು. ಆದರೆ ಹೈಡ್ರೋಜನ್ ನಾಲ್ಕಾಯ್ತು. ಎಡಗಡೆ ಹೈಡ್ರೋಜನ್ ಜೋಡಿಯನ್ನೂ ಎರಡು ಮಾಡಿ. ಮುಗೀತು.

2 ಹೈಡ್ರೋಜನ್ + 1 ಆಕ್ಸಿಜನ್ → 2 ನೀರು

ಸರಿದೂಗಿಸೋದು ಅಂದ್ರೆ ಇಷ್ಟೇ. ಇದನ್ನ ಅಣುಗಳ ಲೆಕ್ಕ ಅಂತಾನೂ ಓದಬಹುದು, ಮೋಲ್‌ಗಳ ಲೆಕ್ಕ ಅಂತಾನೂ ಓದಬಹುದು. ಮೋಲ್ ಅಂದ್ರೆ ಹೆದರಬೇಡಿ. ಡಜನ್ ಅಂದ್ರೆ ಹನ್ನೆರಡು, ಹಾಗೆ ಮೋಲ್ ಅಂದ್ರೆ ಸುಮಾರು 6ರ ಮುಂದೆ 23 ಸೊನ್ನೆ ಹಾಕಿದಷ್ಟು. ಅಣುಗಳು ಅಷ್ಟು ಚಿಕ್ಕವು, ಡಜನ್‌ನಲ್ಲಿ ಎಣಿಸಿ ಪೂರೈಸಲ್ಲ. ಅನುಕೂಲ ಏನಂದ್ರೆ, ಒಂದು ಮೋಲ್ ಹೈಡ್ರೋಜನ್ 2 ಗ್ರಾಂ ತೂಗುತ್ತೆ, ಒಂದು ಮೋಲ್ ಆಕ್ಸಿಜನ್ 32 ಗ್ರಾಂ, ಒಂದು ಮೋಲ್ ನೀರು 18 ಗ್ರಾಂ. ಹಾಗಾದ್ರೆ ನಮ್ಮ ಸಮೀಕರಣ ಹೇಳೋದು: 4 ಗ್ರಾಂ ಹೈಡ್ರೋಜನ್, 32 ಗ್ರಾಂ ಆಕ್ಸಿಜನ್, ಸೇರಿ 36 ಗ್ರಾಂ ನೀರು. ಒಂದು ಪಾಲು ಹೈಡ್ರೋಜನ್‌ಗೆ ಎಂಟು ಪಾಲು ಆಕ್ಸಿಜನ್, ಒಂಬತ್ತು ಪಾಲು ನೀರು.

ಈಗ ಲೇಕ್‌ಹರ್ಸ್ಟ್‌ಗೆ ವಾಪಸ್ ಹೋಗೋಣ. ಚೀಲಗಳು ಪೂರ್ತಿ ತುಂಬಿದ್ದವು ಅಂತ ಇಟ್ಕೊಂಡ್ರೆ ಒಳಗಿದ್ದ ಹೈಡ್ರೋಜನ್ ಹೆಚ್ಚು ಕಡಿಮೆ 16 ಟನ್. ಅದಷ್ಟೂ ಉರಿಯೋಕೆ ಬೇಕಾದ ಆಕ್ಸಿಜನ್ 128 ಟನ್. ಅದನ್ನ ನೌಕೆ ಹೊತ್ತು ತಂದಿರಲಿಲ್ಲ. ನ್ಯೂಜೆರ್ಸಿಯ ಗಾಳಿ ಕೊಡ್ತು. ಹುಟ್ಟಿದ ನೀರು 144 ಟನ್. ದೊಡ್ಡ ನೀರಿನ ಟ್ಯಾಂಕರ್‌ಗಳು ಹತ್ತಕ್ಕಿಂತ ಹೆಚ್ಚು ಬೇಕು ಅಷ್ಟು ತುಂಬೋಕೆ. ಅಂಥಾ ಬೆಂಕಿಯಿಂದ ಹೊರಬಂದ ಮುಖ್ಯ ಪದಾರ್ಥ ನೀರು! ನನಗೆ ಮೊದಲ ಸಲ ಈ ಲೆಕ್ಕ ಹಾಕಿದಾಗ ನಂಬೋಕೆ ಆಗದೆ ಎರಡು ಸಲ ಗುಣಿಸಿ ನೋಡಿದ್ದೆ. ಆ ನೀರೆಲ್ಲ ಬಿಸಿ ಆವಿಯಾಗಿ ಮೇಲಕ್ಕೆ ಹೋಯ್ತು, ಯಾರ ಕಣ್ಣಿಗೂ ನೀರಾಗಿ ಕಾಣಲಿಲ್ಲ. ಹಳೇ ಚಿತ್ರಗಳಲ್ಲಿ ಕಾಣೋ ದಟ್ಟ ಜ್ವಾಲೆ ಹೊರಹೊದಿಕೆಯ ಬಟ್ಟೆ, ಡೀಸೆಲ್ ಮೊದಲಾದವುಗಳದ್ದು. ಶುದ್ಧ ಹೈಡ್ರೋಜನ್‌ನ ಜ್ವಾಲೆ ಹಗಲಲ್ಲಿ ಕಣ್ಣಿಗೆ ಕಾಣೋದೇ ಕಷ್ಟ.

ಲೆಕ್ಕದಲ್ಲಿ ಒಂದು ಬಾಬ್ತು ಇನ್ನೂ ಬಿಟ್ಟುಹೋಗಿದೆ. ಶಾಖ. ಅದು ಎಲ್ಲಿಂದ ಬಂತು?

ಇಲ್ಲಿ ತುಂಬಾ ಜನರ ತಲೆಯಲ್ಲಿ ಒಂದು ತಪ್ಪು ಕೂತಿದೆ; ನನ್ನ ತಲೆಯಲ್ಲೂ ಕಾಲೇಜು ಮುಗಿಯೋ ತನಕ ಕೂತಿತ್ತು. ರಾಸಾಯನಿಕ ಬಂಧದ ಒಳಗೆ ಶಕ್ತಿ ತುಂಬಿಟ್ಟಿರುತ್ತೆ, ತೆಂಗಿನಕಾಯಿ ಒಡೆದರೆ ನೀರು ಬರೋ ಹಾಗೆ ಬಂಧ ಒಡೆದರೆ ಶಕ್ತಿ ಹೊರಗೆ ಬರುತ್ತೆ ಅಂತ. ಇದು ಪೂರ್ತಿ ಉಲ್ಟಾ. ನಿಮ್ಮ ಫ್ರಿಜ್ ಮೇಲೆ ಪ್ರವಾಸದಿಂದ ತಂದ ಮ್ಯಾಗ್ನೆಟ್ ಅಂಟಿಸಿರ್ತೀರಲ್ಲ, ಅದನ್ನ ಕೀಳೋಕೆ ನೀವು ಬಲ ಹಾಕಬೇಕು. ಹತ್ತಿರ ತಂದು ಬಿಟ್ಟರೆ ಅದೇ ಟಕ್ ಅಂತ ಹೋಗಿ ಅಂಟಿಕೊಳ್ಳುತ್ತೆ. ಆ ಟಕ್ ಅನ್ನೋ ಶಬ್ದ ಇದೆಯಲ್ಲ, ಹೊರಗೆ ಬಂದ ಶಕ್ತಿಯ ಒಂದು ಚೂರು ಅದು. ಪರಮಾಣುಗಳೂ ಹಾಗೇ. ಬಂಧ ಒಡೆಯೋಕೆ ಶಕ್ತಿ ಖರ್ಚು. ಬಂಧ ಕೂಡಿದಾಗ ಶಕ್ತಿ ಜಮಾ.

ಲೆಕ್ಕ ಹಾಕೋಣ, ಪೆನ್ನು ಇದ್ರೆ ಬರೆದುಕೊಳ್ಳಿ. ಡ್ರೈವ್ ಮಾಡ್ತಾ ಕೇಳೋರು ದಯವಿಟ್ಟು ಬರೀಬೇಡಿ. ಒಂದು ಮೋಲ್ ಹೈಡ್ರೋಜನ್ ಜೋಡಿಗಳನ್ನ ಬಿಡಿಸೋಕೆ 436 ಕಿಲೋಜೂಲ್ ಬೇಕು. ನಮ್ಮ ಸಮೀಕರಣದಲ್ಲಿ ಎರಡು ಮೋಲ್ ಇವೆ, ಹಾಗಾಗಿ 872. ಆಕ್ಸಿಜನ್ ಜೋಡಿ ಇನ್ನೂ ಬಿಗಿ, ಬಿಡಿಸೋಕೆ 498. ಒಟ್ಟು ಖರ್ಚು 1,370 ಕಿಲೋಜೂಲ್. ಈಗ ಜಮಾ ನೋಡಿ. ಎರಡು ನೀರಿನ ಅಣುವಿನಲ್ಲಿ ಆಕ್ಸಿಜನ್-ಹೈಡ್ರೋಜನ್ ಬಂಧ ಒಟ್ಟು ನಾಲ್ಕು. ಒಂದೊಂದಕ್ಕೆ ಸುಮಾರು 463. ನಾಲ್ಕಕ್ಕೆ 1,852. ಜಮಾದಿಂದ ಖರ್ಚು ಕಳೆದರೆ 482 ಕಿಲೋಜೂಲ್ ಮಿಕ್ಕಿತು. ಹೊರಗೆ ಬರೋ ಶಾಖ ಅದು. ಹೊಸ ಜೊತೆ ಹಳೇ ಜೊತೆಗಿಂತ ಬಿಗಿ, ಅದಕ್ಕೇ ಮಿಗ್ತು.

2 ಹೈಡ್ರೋಜನ್ + 1 ಆಕ್ಸಿಜನ್ → 2 ನೀರಿನ ಆವಿ + 482 ಕಿಲೋಜೂಲ್

ಇಂಥ ಕ್ರಿಯೆಗೆ ಬಹಿರುಷ್ಣಕ ಕ್ರಿಯೆ ಅಂತ ಹೆಸರು. ಉಷ್ಣ ಬಹಿರ್, ಅಂದ್ರೆ ಹೊರಕ್ಕೆ.

ಈಗ ಆ ಹುಡುಗಿಯ ಪ್ರಶ್ನೆ. ಮೈನಸ್ ಯಾಕೆ? ಬ್ಯಾಂಕಿನ ಪಾಸ್‌ಬುಕ್ ನೆನಪಿಸಿಕೊಳ್ಳಿ. ನೀವು ಐನೂರು ರೂಪಾಯಿ ತೆಗೆದರೆ ಹಣ ನಿಮ್ಮ ಕೈಗೆ ಬಂತು, ನಿಮಗೆ ಸಂತೋಷ. ಪಾಸ್‌ಬುಕ್‌ನಲ್ಲಿ ಮಾತ್ರ ಐನೂರು ಕಡಿಮೆ ಆಯ್ತು. ಯಾಕಂದ್ರೆ ಪಾಸ್‌ಬುಕ್ ನಿಮ್ಮ ಜೇಬಿನ ಲೆಕ್ಕ ಬರೆಯಲ್ಲ, ಖಾತೆಯ ಲೆಕ್ಕ ಬರೆಯುತ್ತೆ. ಕೆಮಿಸ್ಟ್ರಿ ಪುಸ್ತಕದ ಡೆಲ್ಟಾ ಎಚ್ ಅನ್ನೋದು ಹಾಗೇ, ಅಣುಗಳ ಖಾತೆಯ ಲೆಕ್ಕ. ಶಾಖ ಅವುಗಳ ಖಾತೆಯಿಂದ ನಿಮ್ಮ ಕೈಗೆ ಬಂದಿದೆ. ಅವುಗಳಿಗೆ ಅದು ಮೈನಸ್ 482. ಸಮೀಕರಣದ ಒಳಗೆ ಬಲಗಡೆ ಪ್ಲಸ್ ಅಂತ ಬರೆದರೂ, ಪಕ್ಕದಲ್ಲಿ ಡೆಲ್ಟಾ ಎಚ್ ಮೈನಸ್ ಅಂತ ಬರೆದರೂ ಹೇಳೋ ಮಾತು ಒಂದೇ. ಪರೀಕ್ಷೆಯಲ್ಲಿ ಎರಡನ್ನೂ ಒಟ್ಟಿಗೆ ಬರೀಬೇಡಿ, ಅಷ್ಟೇ.

ಹಿಂಡನ್‌ಬರ್ಗ್‌ನ ಲೆಕ್ಕಾನೂ ಮುಗಿಸಿಬಿಡೋಣ. 16 ಟನ್ ಹೈಡ್ರೋಜನ್ ಅಂದ್ರೆ 80 ಲಕ್ಷ ಮೋಲ್. ಒಂದು ಮೋಲ್‌ಗೆ 241 ಕಿಲೋಜೂಲ್. ವಿದ್ಯುತ್ತಿನ ಯೂನಿಟ್‌ಗೆ ತಿರುಗಿಸಿದ್ರೆ ಐದು ಲಕ್ಷ ಯೂನಿಟ್‌ಗೂ ಜಾಸ್ತಿ. ಅಮೆರಿಕದ ಸುಮಾರು ಐವತ್ತು ಮನೆಗಳು ಒಂದು ವರ್ಷ ಬಳಸೋ ಕರೆಂಟು. ಅದು ಅರ್ಧ ನಿಮಿಷದಲ್ಲಿ ಹೊರಗೆ ಬಂತು. ಆದರೂ 62 ಜನ ಬದುಕಿ ಉಳಿದರು. ಹೈಡ್ರೋಜನ್ ಹಗುರವಾದ್ದರಿಂದ ಉರಿಯ ಬಹುಪಾಲು ಮೇಲಕ್ಕೆ ಏರಿತು, ಅದೂ ಒಂದು ಕಾರಣ.

ಆದರೆ ಒಂದು ವಿಷಯ ನನ್ನನ್ನ ಯಾವಾಗಲೂ ಕಾಡುತ್ತೆ. ಇದೇ ನೌಕೆ ಹಿಂದಿನ ವರ್ಷ, 1936ರಲ್ಲಿ, ಲೇಕ್‌ಹರ್ಸ್ಟ್‌ಗೆ ಹತ್ತು ಸಲ ಬಂದು ಹೋಗಿತ್ತು. ಅದೇ ಹೈಡ್ರೋಜನ್, ಸುತ್ತಲೂ ಅದೇ ಗಾಳಿ. ಏನೂ ಆಗಲಿಲ್ಲ. ಅಷ್ಟೇ ಅಲ್ಲ, ಅದರೊಳಗೆ ಸಿಗರೇಟು ಸೇದೋಕೆ ಅಂತ ಒಂದು ಕೋಣೆ ಇತ್ತು! ಹೈಡ್ರೋಜನ್ ನುಗ್ಗದ ಹಾಗೆ ಆ ಕೋಣೆಯ ಗಾಳಿಯ ಒತ್ತಡ ಸ್ವಲ್ಪ ಹೆಚ್ಚಿಗೆ ಇಟ್ಟಿದ್ದರು, ಒಳಗೆ ಹೋಗೋಕೆ ಎರಡು ಬಾಗಿಲಿನ ವ್ಯವಸ್ಥೆ, ಬೆಂಕಿಪೊಟ್ಟಣದ ಬದಲು ಒಂದೇ ಒಂದು ವಿದ್ಯುತ್ ಲೈಟರ್. ಜರ್ಮನ್ನರು ಮೂರ್ಖರಾಗಿರಲಿಲ್ಲ. ಉರಿಯದ ಹೀಲಿಯಂ ತುಂಬಬೇಕು ಅಂತಾನೇ ಅವರ ಮೂಲ ಯೋಚನೆ. ಹೀಲಿಯಂ ಇದ್ದಿದ್ದು ಅಮೆರಿಕದ ಹತ್ತಿರ, ಅದನ್ನ ಹೊರದೇಶಕ್ಕೆ ಮಾರೋಕೆ ಇಲ್ಲಿನ ಕಾನೂನು ಬಿಡಲಿಲ್ಲ.

ಸಮೀಕರಣ ನೋಡಿದ್ರೆ ಹೈಡ್ರೋಜನ್, ಆಕ್ಸಿಜನ್ ಸೇರಿದ ಕೂಡಲೇ ನೀರಾಗಬೇಕಲ್ಲ? ಸಮೀಕರಣ ಹೇಳದೇ ಇರೋ ಮಾತು ಇಲ್ಲಿದೆ. ಖರ್ಚು ಮೊದಲು, ಜಮಾ ಆಮೇಲೆ. ಹಳೇ ಬಂಧ ಸಡಿಲ ಆಗದೆ ಹೊಸದು ಕೂಡಲ್ಲ, ಆ ಮೊದಲ ಖರ್ಚಿಗೆ ಯಾರಾದ್ರೂ ಕೈಗಡ ಕೊಡಬೇಕು. ಇದನ್ನೇ ಆಕ್ಟಿವೇಶನ್ ಎನರ್ಜಿ ಅನ್ನೋದು. ಒಂದು ಕಿಡಿ ಕೆಲವು ಅಣುಗಳಿಗೆ ಕೈಗಡ ಕೊಟ್ಟರೆ ಸಾಕು. ಅವು ಗಳಿಸಿದ ಶಾಖ ಪಕ್ಕದವುಗಳಿಗೆ, ಅವು ಗಳಿಸಿದ್ದು ಇನ್ನೂ ಪಕ್ಕದವುಗಳಿಗೆ. ಹೈಡ್ರೋಜನ್ ವಿಷಯದಲ್ಲಿ ಆ ಕಿಡಿ ಎಷ್ಟು ಸಣ್ಣದಾದರೂ ನಡೆಯುತ್ತೆ ಅಂದ್ರೆ, ಚಳಿಗಾಲದಲ್ಲಿ ಕಾರ್ಪೆಟ್ ಮೇಲೆ ನಡೆದು ಬಾಗಿಲ ಹಿಡಿ ಮುಟ್ಟಿದಾಗ ಚಟ್ ಅನ್ನುತ್ತಲ್ಲ, ಅದು ಧಾರಾಳವಾಗಿ ಸಾಕು. ಲೇಕ್‌ಹರ್ಸ್ಟ್‌ನಲ್ಲೂ ಚೀಲದಿಂದ ಸೋರಿ ಗಾಳಿಯ ಜೊತೆ ಬೆರೆತ ಹೈಡ್ರೋಜನ್‌ಗೆ ಸ್ಥಾಯೀ ವಿದ್ಯುತ್ತಿನ ಕಿಡಿ ತಾಗಿರಬೇಕು ಅನ್ನೋದು ಹೆಚ್ಚು ಜನ ಒಪ್ಪೋ ವಿವರಣೆ. ಸೋರಿಕೆ ಹೇಗಾಯ್ತು, ಕಿಡಿ ಎಲ್ಲಿ ಹಾರಿತು ಅನ್ನೋ ವಾದ ಇವತ್ತಿಗೂ ನಿಂತಿಲ್ಲ.

ಶಾಖ ಹೊರಗೆ ಕೊಡೋ ಕ್ರಿಯೆ ಆಯ್ತು. ಒಳಗೆ ತಗೊಳ್ಳೋದು? ಅದು ಅಂತರುಷ್ಣಕ. ಇದಕ್ಕೆ ನಮ್ಮೂರ ಕಡೆ ಒಂದು ಉದಾಹರಣೆ ಇದೆ, ಪಠ್ಯಪುಸ್ತಕದಲ್ಲಿ ತುಂಡು ತುಂಡಾಗಿ ಬರುತ್ತೆ, ಒಟ್ಟಿಗೆ ಇಟ್ಟು ನೋಡಿದ್ರೆ ಎಷ್ಟು ಚೆಂದ ಅಂತೀರಿ. ಸುಣ್ಣ.

ಬಾಗಲಕೋಟೆ, ಕಲಬುರಗಿ ಕಡೆ ಸುಣ್ಣಕಲ್ಲು, ಕರಾವಳಿಯಲ್ಲಿ ಕಪ್ಪೆಚಿಪ್ಪು. ಎರಡೂ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣದ ಗೂಡಿನಲ್ಲಿ ಸುಮಾರು 900 ಡಿಗ್ರಿಗೆ ಕಾಯಿಸಿದ್ರೆ ಅದು ಒಡೆದು ಸುಟ್ಟ ಸುಣ್ಣ ಮತ್ತು ಕಾರ್ಬನ್ ಡೈಆಕ್ಸೈಡ್ ಆಗುತ್ತೆ. ಒಂದು ಮೋಲ್‌ಗೆ, ಅಂದ್ರೆ 100 ಗ್ರಾಂ ಕಲ್ಲಿಗೆ, 178 ಕಿಲೋಜೂಲ್ ಒಳಗೆ ಹೋಗುತ್ತೆ. ಗೂಡಿಗೆ ಸೌದೆಯೋ ಕಲ್ಲಿದ್ದಲೋ ಸುರೀತಾನೇ ಇರಬೇಕು, ನಿಲ್ಲಿಸಿದ್ರೆ ಕ್ರಿಯೆ ನಿಲ್ಲುತ್ತೆ. ಹಿಂಡನ್‌ಬರ್ಗ್ ಹಾಗಲ್ಲ, ಒಂದು ಕಿಡಿ ಆದ ಮೇಲೆ ಯಾರೂ ಏನೂ ಕೊಡಬೇಕಾಗಿರಲಿಲ್ಲ. ಅಂತರುಷ್ಣಕ ಕ್ರಿಯೆಗೆ ಬರೀ ಕೈಗಡ ಸಾಲದು, ಪೂರ್ತಿ ಖರ್ಚು ಹೊರಗಿನಿಂದಲೇ ಆಗಬೇಕು.

ಈಗ ಆ ಸುಟ್ಟ ಸುಣ್ಣ ಮನೆಗೆ ಬಂತು. ಹಬ್ಬದ ಮುಂಚೆ ಗೋಡೆಗೆ ಹೊಡೆಯೋಕೆ ಅಂತ ಹಂಡೆಗೆ ಹಾಕಿ ನೀರು ಸುರಿದ್ರೆ ಬುಸುಗುಟ್ಟಿ ಕೊತಕೊತ ಕುದಿಯುತ್ತೆ. ಕೆಳಗೆ ಒಲೆ ಇಲ್ಲ, ಬೆಂಕಿ ಇಲ್ಲ. "ದೂರ ನಿಲ್ರೋ, ಕಣ್ಣಿಗೆ ಹಾರುತ್ತೆ" ಅಂತ ದೊಡ್ಡವರು ಗದರಿಸ್ತಿದ್ದರು, ಅದು ಸರಿಯಾದ ಎಚ್ಚರಿಕೆಯೇ. ಅರಳಿದ ಸುಣ್ಣ ಆಗ್ತಾ ಹೊರಗೆ ಬರೋ ಶಾಖ 65 ಕಿಲೋಜೂಲ್. ಗೋಡೆಗೆ ಬಳಿದ ಮೇಲೆ ಅದು ದಿನ ಕಳೆದಂತೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು, ನೀರು ಬಿಟ್ಟು, ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತೆ. ಅಂದ್ರೆ ಗೋಡೆಯ ಮೇಲೆ ಮತ್ತೆ ಕಲ್ಲು! ಆಗಲೂ ಶಾಖ ಹೊರಗೆ ಬರುತ್ತೆ, 113 ಕಿಲೋಜೂಲ್. ತುಂಬಾ ನಿಧಾನ ಆದ್ದರಿಂದ ನಮ್ಮ ಕೈಗೆ ಗೊತ್ತಾಗಲ್ಲ. 65ಕ್ಕೆ 113 ಕೂಡಿಸಿ. 178. ಗೂಡಿನಲ್ಲಿ ಕಲ್ಲಿನೊಳಗೆ ಹೋದ ಶಾಖ ಒಂದು ಪೈಸೆ ಬಿಡದೆ ವಾಪಸ್ ಬಂತು. ಸ್ವಲ್ಪ ಹಂಡೆಯಲ್ಲಿ, ಮಿಕ್ಕಿದ್ದು ಗೋಡೆಯ ಮೇಲೆ. ಯಾವ ದಾರಿಯಲ್ಲಿ ಹೋದರೂ, ಹೊರಟ ಜಾಗಕ್ಕೇ ವಾಪಸ್ ಬಂದರೆ ಶಾಖದ ಲೆಕ್ಕ ಸೊನ್ನೆ. ಹೆಸ್ ನಿಯಮ ಅಂತ ಕಾಲೇಜಿನಲ್ಲಿ ಕಲಿಯೋದು ಇದನ್ನೇ.

ಈಗ ನಮ್ಮ ಬೇಸ್‌ಮೆಂಟ್‌ನಲ್ಲಿ ಗುಂಯ್ ಅಂತಿರೋ ಫರ್ನೇಸ್‌ಗೆ ಬರೋಣ. ನಾನು ಇವತ್ತು ಈ ವಿಷಯ ತೆಗೆದುಕೊಂಡಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಫರ್ನೇಸ್‌ನಲ್ಲಿ ಉರಿಯೋದು ನೈಸರ್ಗಿಕ ಅನಿಲ, ಅದರಲ್ಲಿ ಬಹುಪಾಲು ಮೀಥೇನ್. ಒಂದು ಕಾರ್ಬನ್, ನಾಲ್ಕು ಹೈಡ್ರೋಜನ್.

1 ಮೀಥೇನ್ + 2 ಆಕ್ಸಿಜನ್ → 1 ಕಾರ್ಬನ್ ಡೈಆಕ್ಸೈಡ್ + 2 ನೀರಿನ ಆವಿ + 802 ಕಿಲೋಜೂಲ್

ಒಂದು ಮೀಥೇನ್‌ಗೆ ಎರಡು ಆಕ್ಸಿಜನ್ ಬೇಕು. ಗಾಳಿಯಲ್ಲಿ ಆಕ್ಸಿಜನ್ ಐದರಲ್ಲಿ ಒಂದು ಪಾಲು ಅಂತ ಇಟ್ಟುಕೊಂಡ್ರೆ, ಒಂದು ಪಾತ್ರೆ ಅನಿಲಕ್ಕೆ ಹತ್ತು ಪಾತ್ರೆ ಗಾಳಿ. ಈ ಹತ್ತು ಸಿಗದಿದ್ರೆ? ಬೆಂಕಿ ಆರಲ್ಲ. ಸಿಕ್ಕಿದ್ದರಲ್ಲೇ ಉರಿಯುತ್ತೆ, ಬೇರೆ ಸಮೀಕರಣದ ಪ್ರಕಾರ.

2 ಮೀಥೇನ್ + 3 ಆಕ್ಸಿಜನ್ → 2 ಕಾರ್ಬನ್ ಮಾನಾಕ್ಸೈಡ್ + 4 ನೀರಿನ ಆವಿ

ಎಣಿಸಿ ನೋಡಿ, ಇದೂ ಸರಿದೂಗುತ್ತೆ. ಪ್ರಕೃತಿಗೆ ಎರಡೂ ಒಪ್ಪಿಗೆಯೇ. ಆದರೆ ಈ ದಾರಿಯಲ್ಲಿ ಒಂದು ಮೋಲ್ ಮೀಥೇನ್‌ಗೆ ಸಿಗೋದು 519 ಕಿಲೋಜೂಲ್ ಮಾತ್ರ. 802 ಸಿಗಬೇಕಿತ್ತು. ಕಾಣೆಯಾದ 283 ಎಲ್ಲಿ? ಕಾರ್ಬನ್ ಮಾನಾಕ್ಸೈಡ್‌ನಲ್ಲಿ. ಅದು ಅರ್ಧಕ್ಕೆ ನಿಂತ ಉರಿ. ಇನ್ನೊಂದು ಆಕ್ಸಿಜನ್ ಪರಮಾಣು ಸಿಕ್ಕಿದ್ರೆ ಆ 283 ಕೊಟ್ಟು ಕಾರ್ಬನ್ ಡೈಆಕ್ಸೈಡ್ ಆಗ್ತಿತ್ತು. ಸಿಗದೆ ಮನೆಯೊಳಗೆ ತೇಲುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಕ್ಸಿಜನ್‌ಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತೆ, ಆಕ್ಸಿಜನ್ ಕೂರಬೇಕಾದ ಜಾಗ ಹಿಡಿದುಬಿಡುತ್ತೆ. ಅಮೆರಿಕದಲ್ಲಿ ಬೆಂಕಿ ಅನಾಹುತಗಳನ್ನ ಬಿಟ್ಟು, ಆಕಸ್ಮಿಕವಾಗಿ ಈ ಅನಿಲದಿಂದಲೇ ವರ್ಷಕ್ಕೆ ನಾನೂರಕ್ಕೂ ಹೆಚ್ಚು ಜನ ಸಾಯ್ತಾರೆ. 2012ರಲ್ಲಿ ಸ್ಯಾಂಡಿ ಚಂಡಮಾರುತ ಬಂದು ನಮ್ಮ ಕಡೆ ದಿನಗಟ್ಟಲೆ ಕರೆಂಟು ಹೋದಾಗ, ಜನರೇಟರ್‌ಗಳ ಹೊಗೆಯಿಂದ ವಿಷವೇರಿದ ಪ್ರಕರಣಗಳು ಸಾಕಷ್ಟು ಆದವು.

ಊರಲ್ಲೂ ಇದು ಬೇರೆ ವೇಷದಲ್ಲಿದೆ. ಬೆಂಗಳೂರಿನಲ್ಲಿ ಚಿಕ್ಕ ಬಾತ್‌ರೂಮ್‌ನ ಒಳಗೇ ಗ್ಯಾಸ್ ಗೀಸರ್ ಹಾಕಿ, ಕಿಟಕಿ ಮುಚ್ಚಿ ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲ ಅನ್ನೋ ಸುದ್ದಿ ಎಷ್ಟು ಸಲ ಓದಿದ್ದೀವಿ. ಚಳಿಗೆ ಅಗ್ಗಿಷ್ಟಿಕೆಯಲ್ಲಿ ಇದ್ದಿಲ ಕೆಂಡ ಇಟ್ಟುಕೊಂಡು ಬಾಗಿಲು ಹಾಕಿ ಮಲಗಿದವರದ್ದೂ ಅದೇ ಕತೆ. ನಿಮ್ಮ ಅಪ್ಪ ಅಮ್ಮನ ಮನೆಯಲ್ಲಿ ಗ್ಯಾಸ್ ಗೀಸರ್ ಇದ್ರೆ ಈ ವಾರದ ಫೋನಿನಲ್ಲಿ ಒಂದು ಮಾತು ಕೇಳಿ: ಅದು ಬಾತ್‌ರೂಮ್‌ನ ಒಳಗಿದೆಯಾ, ಹೊರಗಿದೆಯಾ? ಒಳಗಿದ್ರೆ ಹೊರಗೆ ಹಾಕಿಸಿ. ಅದಾಗೋ ತನಕ ಬಕೆಟ್‌ಗೆ ನೀರು ತುಂಬಿಸಿ, ಗೀಸರ್ ಆರಿಸಿ, ಗಾಳಿ ಆಡಲು ಬಿಟ್ಟು, ಆಮೇಲೆ ಒಳಗೆ ಹೋಗಲಿ. ಒಲೆಯ ಜ್ವಾಲೆ ನೀಲಿ ಇದ್ದದ್ದು ಹಳದಿಗೆ ತಿರುಗಿ ಪಾತ್ರೆ ತಳ ಮಸಿಯಾಗ್ತಿದ್ರೆ, ಅಲ್ಲೂ ಗಾಳಿ ಸಾಲ್ತಿಲ್ಲ ಅಂತ. ಆದರೆ ಜ್ವಾಲೆ ನೀಲಿ ಇದೆ ಅಂತ ಧೈರ್ಯವಾಗಿ ಕೂರಬೇಡಿ, ಮುಚ್ಚಿದ ಕೋಣೆಗೆ ಆ ಗುರುತು ಸಾಲದು.

ಇಲ್ಲಿನವರಿಗೆ ಹಿಮದ ವಿಷಯ. ಹೊಸ ಮಾದರಿಯ ಫರ್ನೇಸ್ ಇದ್ರೆ ಮನೆಯ ಪಕ್ಕದ ಗೋಡೆಯಿಂದ ಸಾಮಾನ್ಯವಾಗಿ ಎರಡು ಬಿಳಿ ಪ್ಲಾಸ್ಟಿಕ್ ಪೈಪ್ ಹೊರಗೆ ಬಂದಿರ್ತವೆ. ಒಂದು ಗಾಳಿ ಒಳಗೆ ಎಳೆಯೋಕೆ, ಇನ್ನೊಂದು ಹೊಗೆ ಹೊರಗೆ ಬಿಡೋಕೆ. ಸಮೀಕರಣದ ಎಡಗಡೆಗೆ ಒಂದು, ಬಲಗಡೆಗೆ ಒಂದು ಅಂತ ಇಟ್ಟುಕೊಳ್ಳಿ. ಜೋರಾಗಿ ಹಿಮ ಬಿದ್ದು ಗಾಳಿ ಬೀಸಿದ್ರೆ ಅವು ಮುಚ್ಚಿಹೋಗಬಹುದು. ಎಷ್ಟೋ ಫರ್ನೇಸ್‌ಗಳಲ್ಲಿ ಆಗ ತಾನಾಗಿ ಆರಿಹೋಗೋ ವ್ಯವಸ್ಥೆ ಇರುತ್ತೆ, ಆದರೆ ಅದನ್ನೇ ನಂಬಿ ಕೂರೋ ವಿಷಯ ಇದಲ್ಲ. ನಾವೆಲ್ಲ ಡ್ರೈವ್‌ವೇ ಹಿಮ ಮಾತ್ರ ತೆಗೀತೀವಿ, ಮನೆಯ ಪಕ್ಕಕ್ಕೆ ಹೋಗಿ ನೋಡಲ್ಲ. ನಾನೂ ನೋಡ್ತಿರಲಿಲ್ಲ. ಇನ್ನೂ ಕೆಟ್ಟದ್ದು ಹೇಳ್ತೀನಿ: ಒಂದು ರಾತ್ರಿ ಮಹಡಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ನಿಮಿಷಕ್ಕೊಮ್ಮೆ ಚಿಲಿಪಿಲಿ ಅಂತಿತ್ತು, ಬ್ಯಾಟರಿ ಮುಗಿದಿದೆ ಅಂತ ಸೂಚನೆ. ನಿದ್ದೆ ಕೆಡುತ್ತೆ ಅಂತ ಬ್ಯಾಟರಿ ಕಿತ್ತು ಡ್ರಾಯರ್‌ಗೆ ಹಾಕಿದೆ. ಬೆಳಿಗ್ಗೆ ಮರೆತೆ. ಮೂರು ವಾರ ಆದ ಮೇಲೆ ಕತ್ತರಿ ಹುಡುಕುವಾಗ ಅದು ಕೈಗೆ ಸಿಕ್ತು. ಮೂರು ವಾರ, ಜನವರಿಯಲ್ಲಿ, ಮಕ್ಕಳು ಮಲಗೋ ಮಹಡಿಯಲ್ಲಿ. ಏನೂ ಆಗಲಿಲ್ಲ, ನಮ್ಮ ಪುಣ್ಯ.

ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು. ಫ್ಲೂ ಥರಾನೇ ಇರುತ್ತೆ, ಆದರೆ ಜ್ವರ ಇರಲ್ಲ. ಮನೆಯಲ್ಲಿರೋ ಎಲ್ಲರಿಗೂ ಒಟ್ಟಿಗೆ ಬಂದ್ರೆ, ಹೊರಗೆ ಹೋದಾಗ ಕಡಿಮೆಯಾಗಿ ವಾಪಸ್ ಬಂದಾಗ ಮತ್ತೆ ಶುರುವಾದ್ರೆ, ಅನುಮಾನ ಪಡಿ. ಅಲಾರಂ ಬಿಡದೆ ಕೂಗಿದ್ರೆ ಕಿಟಕಿ ತೆರೆಯೋದು, ಫರ್ನೇಸ್ ನೋಡೋದು ಏನೂ ಬೇಡ. ಎಲ್ಲರನ್ನೂ ಕರ್ಕೊಂಡು ಮೊದಲು ಹೊರಗೆ ಬನ್ನಿ, ಎಷ್ಟೇ ಚಳಿ ಇರಲಿ. ಅಲ್ಲಿಂದ 911ಕ್ಕೆ ಫೋನ್ ಮಾಡಿ. ಅವರು ಅಳೆದು ನೋಡಿ ಸರಿ ಅನ್ನೋ ತನಕ ಒಳಗೆ ಹೋಗಬೇಡಿ.

ಪ್ರಶ್ನೆ ಕೇಳಿದ ಅಪ್ಪ-ಮಗಳಿಗೆ ಒಂದು ಹೋಂವರ್ಕ್. ಗ್ಯಾಸ್ ಗೀಸರ್‌ನಲ್ಲಿ ಉರಿಯೋ ಸಿಲಿಂಡರ್ ಅನಿಲದಲ್ಲಿ ಪ್ರೋಪೇನ್ ಇರುತ್ತೆ. ಅದರ ಒಂದು ಅಣುವಿನಲ್ಲಿ ಮೂರು ಕಾರ್ಬನ್, ಎಂಟು ಹೈಡ್ರೋಜನ್. ಪೂರ್ತಿ ಉರಿಯೋಕೆ ಎಷ್ಟು ಆಕ್ಸಿಜನ್ ಬೇಕು, ಸರಿದೂಗಿಸಿ ನೋಡಿ. ಆಮೇಲೆ ಒಂದು ಬಕೆಟ್ ಪ್ರೋಪೇನ್‌ಗೆ ಎಷ್ಟು ಬಕೆಟ್ ಗಾಳಿ ಬೇಕು ಅಂತ ಲೆಕ್ಕ ಹಾಕಿ ನನಗೆ ಬರೆದು ಕಳಿಸಿ. ಉತ್ತರ ಮುಂದಿನ ಸಂಚಿಕೆಯ ಶುರುವಿನಲ್ಲಿ. ನಾನೀಗ ಬೂಟು ಹಾಕ್ಕೊಂಡು ಹೊರಗೆ ಹೋಗಿ ಆ ಎರಡು ಪೈಪ್ ನೋಡಿ ಬರ್ತೀನಿ. ನಮಸ್ಕಾರ.